ತಾಯಂದಿರ ವೈದ್ಯೆ ಸಿಸ್ಟರ್ ಮೇರಿ ಗ್ಲೌರಿ

ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ನರ್ಸಿಂಗ್ ಕಲಿತ ಹೆಣ್ಣುಮಕ್ಕಳಿಲ್ಲದ ವಾರ್ಡುಗಳು ವಿರಳ. ಹೆರಿಗೆ ಕೋಣೆಯಲ್ಲಿ ಧರ್ಮಭಗಿನಿಯೊಬ್ಬರು ಮಗುವನ್ನು ಎತ್ತಿಕೊಂಡು ಬರುವುದೂ ನಮಗೆ ಹೊಸತಲ್ಲ. ಆದರೆ ನೂರು ವರ್ಷಗಳ ಹಿಂದೆ ಧರ್ಮಭಗಿನಿಯರಿಗೆ ಈ ಸೇವೆಯ ಬಾಗಿಲು ಮುಚ್ಚಿತ್ತು. ಅದನ್ನು ತೆರೆಯಲು ಶ್ರಮಿಸಿದವರಲ್ಲಿ ಡಾ. ಮೇರಿ ಗ್ಲೌರಿ ಪ್ರಮುಖರು.

ಮೇರಿ ಹುಟ್ಟಿದ್ದು 1887ರ ಜೂನ್ 23ರಂದು, ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದ ಬಿರ್ರೆಗುರ್ರಾ ಎಂಬ ಊರಿನಲ್ಲಿ. ವಿದ್ಯಾರ್ಥಿವೇತನ ಪಡೆದು ಮೆಲ್ಬರ್ನ್ ವಿಶ್ವವಿದ್ಯಾಲಯ ಸೇರಿದ ಅವರು 1910ರಲ್ಲಿ ವೈದ್ಯ ಪದವಿ ಗಳಿಸಿದರು. ಮೆಲ್ಬರ್ನ್ ನಗರದ ಕಾಲಿನ್ಸ್ ಬೀದಿಯಲ್ಲಿ ಅವರ ಸ್ವಂತ ಚಿಕಿತ್ಸಾಲಯ ಚೆನ್ನಾಗಿ ನಡೆಯುತ್ತಿತ್ತು.

1915ರ ಅಕ್ಟೋಬರ್ 24ರಂದು ಒಂದು ಪುಟ್ಟ ಪುಸ್ತಿಕೆ ಅವರ ಕೈಸೇರಿತು. ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರೆನ್ ಅವರ ಜೀವನ ಅದರಲ್ಲಿತ್ತು. ಭಾರತದಲ್ಲಿ ಗಂಡು ವೈದ್ಯರ ಮುಂದೆ ಬರಲಾಗದ ಹೆಂಗಸರು ಮತ್ತು ಅವರ ಶಿಶುಗಳು ಚಿಕಿತ್ಸೆಯಿಲ್ಲದೆ ಸಾಯುವುದನ್ನು ಓದಿದ ಮೇರಿಗೆ ತನ್ನ ದೈವಕರೆ ಯಾವುದೆಂದು ತಿಳಿಯಿತು. ಆಗ ಅವರ ವಯಸ್ಸು 28. ಅವರು ಅವಸರಪಡಲಿಲ್ಲ. ಹೆರಿಗೆ, ಸ್ತ್ರೀರೋಗ ಮತ್ತು ನೇತ್ರಚಿಕಿತ್ಸೆಯಲ್ಲಿ ಉನ್ನತ ವ್ಯಾಸಂಗ ಮಾಡಿ 1919ರಲ್ಲಿ ಎಂ.ಡಿ. ಪಡೆದು, 1920ರ ಫೆಬ್ರವರಿಯಲ್ಲಿ ಆಂಧ್ರದ ಗುಂಟೂರಿಗೆ ಬಂದು ಯೇಸು ಮರಿಯ ಜೋಸೆಫರ ಸಭೆಯನ್ನು ಸೇರಿದರು.

ಇಲ್ಲಿ ಒಂದು ತೊಡಕಿತ್ತು. ಸನ್ಯಾಸಜೀವನ ಆರಿಸಿಕೊಂಡವರು ರೋಮಿನ ವಿಶೇಷ ಅನುಮತಿಯಿಲ್ಲದೆ ವೈದ್ಯವೃತ್ತಿ ನಡೆಸುವುದನ್ನು ಧರ್ಮಸಭೆಯ ಆಗಿನ ನಿಯಮ ತಡೆದಿತ್ತು. ಹೆರಿಗೆ ಮಾಡಿಸುವುದಂತೂ ಧರ್ಮಭಗಿನಿಯರಿಗೆ ತಕ್ಕದ್ದಲ್ಲವೆಂಬ ಭಾವನೆ ಬಲವಾಗಿತ್ತು. ಇದನ್ನು ಬದಲಿಸಬೇಕೆಂದು ಮೆಕ್ಲಾರೆನ್ ಹಲವು ಬಾರಿ ರೋಮಿಗೆ ಮನವಿ ಮಾಡಿ, ಫಲ ಕಾಣದೆ 1913ರಲ್ಲಿ ತೀರಿಕೊಂಡಿದ್ದರು. ಮೇರಿಯವರಿಗೆ ಪೋಪ್ 15ನೇ ಬೆನೆಡಿಕ್ಟ್ ವಿಶೇಷ ಅನುಮತಿ ನೀಡಿದರು. ಧರ್ಮಭಗಿನಿಯಾಗಿ ಅವರು ಪಡೆದ ಹೆಸರು ಪವಿತ್ರ ಹೃದಯದ ಸಿಸ್ಟರ್ ಮೇರಿ.

ಗುಂಟೂರಿನ ಚಿಕ್ಕ ಔಷಧಾಲಯ ಮುಂದೆ ಸಂತ ಜೋಸೆಫರ ಆಸ್ಪತ್ರೆಯಾಗಿ ಬೆಳೆಯಿತು. ಅನೇಕ ವರ್ಷ ಅಲ್ಲಿ ಅವರೊಬ್ಬರೇ ವೈದ್ಯೆ. ಒಬ್ಬರಿಂದ ಎಷ್ಟು ತಾಯಂದಿರನ್ನು ಉಳಿಸಲು ಸಾಧ್ಯ? ಆದುದರಿಂದ ಅವರು ಸ್ಥಳೀಯ ಹೆಣ್ಣುಮಕ್ಕಳನ್ನೇ ದಾದಿಯರಾಗಿ, ಸೂಲಗಿತ್ತಿಯರಾಗಿ, ಔಷಧ ಕೊಡುವವರಾಗಿ ತರಬೇತುಗೊಳಿಸಿದರು. ಅವರ ಸೇವೆಯಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದುದು ಇದನ್ನೇ. ಗರ್ಭಿಣಿಯ ಕಾಲು, ಮುಖ ಊದಿಕೊಂಡರೆ ಎಚ್ಚರಗೊಳ್ಳುವುದು, ಮಗು ಅಡ್ಡವಾಗಿದೆಯೇ ಎಂದು ಹೊಟ್ಟೆ ಮುಟ್ಟಿ ತಿಳಿಯುವುದು, ಕೈ ತೊಳೆದು ಶುಚಿಯಾಗಿ ಹೆರಿಗೆ ಮಾಡಿಸುವುದು, ಹೆರಿಗೆಯ ನಂತರ ರಕ್ತಸ್ರಾವ ನಿಲ್ಲುವವರೆಗೆ ಬಾಣಂತಿಯ ಪಕ್ಕದಿಂದ ಕದಲದಿರುವುದು, ಇವೆಲ್ಲ ದಾದಿಯ ಕೆಲಸ. ವೈದ್ಯರು ಬಂದು ಹೋಗುತ್ತಾರೆ, ರಾತ್ರಿಯಿಡೀ ಜೊತೆಗಿರುವವಳು ದಾದಿ.

1936ರ ಫೆಬ್ರವರಿಯಲ್ಲಿ ರೋಮಿನ ಧರ್ಮಪ್ರಚಾರ ಪರಿಷತ್ತು ಹೊಸ ಸೂಚನೆ ಹೊರಡಿಸಿತು. ಮಿಷನ್ ನಾಡುಗಳಲ್ಲಿ ಧರ್ಮಭಗಿನಿಯರು ವೈದ್ಯಕೀಯ ಮತ್ತು ಪ್ರಸೂತಿ ಸೇವೆ ಕಲಿತು ತಾಯಿ ಮಕ್ಕಳ ಆರೈಕೆ ಮಾಡುವುದನ್ನು ಅದು ಪ್ರೋತ್ಸಾಹಿಸಿತು. ಒಬ್ಬರಿಗೆ ವಿಶೇಷವಾಗಿ ಸಿಕ್ಕಿದ್ದ ಅವಕಾಶ ಹೀಗೆ ಹಲವರದಾಯಿತು.

1943ರಲ್ಲಿ ಸಿಸ್ಟರ್ ಮೇರಿ ದೇಶದ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. ಅದೇ ಇಂದಿನ ಚಾಯ್ ಸಂಸ್ಥೆ. ಕಥೋಲಿಕ ವೈದ್ಯಕೀಯ ಕಾಲೇಜೊಂದು ಆಗಬೇಕೆಂಬುದು ಅವರ ದೊಡ್ಡ ಹಂಬಲವಾಗಿತ್ತು. ಕ್ಯಾನ್ಸರಿನಿಂದ ಬಹಳ ನೋವುಂಡು 1957ರ ಮೇ 5ರಂದು ಅವರು ಕಣ್ಣುಮುಚ್ಚಿದ್ದು ನಮ್ಮ ಬೆಂಗಳೂರಿನಲ್ಲಿ. ಆರು ವರ್ಷಗಳ ನಂತರ, 1963ರಲ್ಲಿ, ಅದೇ ನಗರದಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಆರಂಭವಾಯಿತು. 2013ರಲ್ಲಿ ಧರ್ಮಸಭೆ ಅವರನ್ನು ದೇವರ ಸೇವಕಿ ಎಂದು ಘೋಷಿಸಿತು.

ಹೆರಿಗೆ ವಾರ್ಡಿನಲ್ಲಿ ರಾತ್ರಿಪಾಳಿ ಮುಗಿಸಿ ಭಾನುವಾರದ ಬಲಿಪೂಜೆಗೆ ಬರುವ ನಮ್ಮ ಮನೆಯ ದಾದಿಯರನ್ನು ಕಂಡಾಗ ಸಿಸ್ಟರ್ ಮೇರಿಯನ್ನು ನೆನೆಯೋಣ. ಅವರ ದುಡಿಮೆಯೂ ದೈವಕರೆಯೇ ಎಂಬುದನ್ನು ಮರೆಯದಿರೋಣ.