ಪುಸ್ತಕದ ಗಂಟು ಹೊತ್ತು ನಡೆದ ಗಳಗನಾಥರು

ನನ್ನ ಮೊದಲ ಕಥಾಸಂಕಲನವನ್ನು ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿ ಒಂದು ವರ್ಷವಾಯಿತು. ಪುಣೆಯ ನಮ್ಮ ಫ್ಲ್ಯಾಟಿನಲ್ಲಿ ಮಂಚದ ಕೆಳಗೆ ಇನ್ನೂ ನಾಲ್ಕು ಪೆಟ್ಟಿಗೆ ಪುಸ್ತಕಗಳಿವೆ. ಫೇಸ್‌ಬುಕ್‌ನಲ್ಲಿ ಹಾಕಿದೆ, ವಾಟ್ಸಾಪ್ ಗುಂಪುಗಳಿಗೆಲ್ಲ ಕಳಿಸಿದೆ. ಲೈಕ್ ಬಂದವು, ಆರ್ಡರ್ ಬರಲಿಲ್ಲ. ಬೇಸರವಾದಾಗಲೆಲ್ಲ ನಾನು ನೆನೆಯುವುದು ಗಳಗನಾಥರನ್ನು.

ಅವರ ನಿಜ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. 1869ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ ಹುಟ್ಟಿದರು. ಊರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡರು. ಧಾರವಾಡದಲ್ಲಿ ತರಬೇತಿ ಪಡೆದು ಶಾಲಾ ಮಾಸ್ತರರಾದರು. 1898ರಲ್ಲಿ ಅವರ ‘ಪ್ರಬುದ್ಧ ಪದ್ಮನಯನೆ’ ಕಾದಂಬರಿಗೆ ಕರ್ನಾಟಕ ವಿದ್ಯಾವರ್ಧಕ ಸಂಘದ ಬಹುಮಾನ ಬಂತು.

ಆಗ ಆ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಕ್ಷರ ಬಲ್ಲ ಕನ್ನಡಿಗರ ಕೈಯಲ್ಲಿ ಮರಾಠಿ ಪುಸ್ತಕಗಳೇ ಹೆಚ್ಚು. ಹಾಗಾಗಿ ಗಳಗನಾಥರು ಪುಸ್ತಕ ಮಾರುವ ಮೊದಲು ಓದುಗರನ್ನೇ ಹುಟ್ಟಿಸಬೇಕಿತ್ತು. ಜನ ಏನನ್ನು ಮೆಚ್ಚುತ್ತಾರೆಂದು ಅವರು ಮೊದಲು ನೋಡಿದರು. ನಮ್ಮ ಪುಣೆಯವರೇ ಆದ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಆಪಟೆಯವರ ‘ವಜ್ರಾಘಾತ’ ಅವರ ಕೈಯಲ್ಲಿ ‘ಕನ್ನಡಿಗರ ಕರ್ಮಕಥೆ’ಯಾಯಿತು. ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯನ್ನು ಬೆಳೆಸಿದರು. ಅದರಲ್ಲಿ ಕಥೆ ತಿಂಗಳು ತಿಂಗಳಿಗೆ ಮುಂದುವರಿಯುತ್ತಿತ್ತು. ಮುಂದೇನಾಯಿತೆಂದು ಕಾಯುವ ಚಂದಾದಾರರೇ ನಾಳೆಯ ಪುಸ್ತಕದ ಗಿರಾಕಿಗಳು. ನಾವು ಇಂದು ದೊಡ್ಡ ಹೆಸರಿಟ್ಟು ಕಲಿಯುವ ಮಾರ್ಕೆಟಿಂಗ್ ಇದೇ ಅಲ್ಲವೇ?

ಆದರೆ ಕಾಯುತ್ತಾ ಕೂರುವ ಜಾಯಮಾನ ಅವರದಲ್ಲ. ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿದರು, ಮನೆಮನೆಯ ಬಾಗಿಲು ತಟ್ಟಿದರು. ಬರೆದವರೂ ಅವರೇ, ಮಾರಿದವರೂ ಅವರೇ. ಹೊಸ ಲೇಖಕನೊಬ್ಬನ ಹುಮ್ಮಸ್ಸೆಂದು ಇದನ್ನು ತಳ್ಳಿಹಾಕುವಂತಿಲ್ಲ. ಇಪ್ಪತ್ತಕ್ಕೂ ಹೆಚ್ಚು ಕಾದಂಬರಿ ಬರೆದು ಹೆಸರಾದ ಮನುಷ್ಯ ಹೀಗೆ ಹೊತ್ತು ನಡೆದದ್ದು. ವಿಜಯನಗರ ಸ್ಥಾಪನೆಯ ಕಥೆಯಾದ ‘ಮಾಧವ ಕರುಣಾವಿಲಾಸ’ ಬಂದದ್ದು 1923ರಲ್ಲಿ, ಅವರ ಐವತ್ತು ದಾಟಿದ ಮೇಲೆ.

ಇಷ್ಟೆಲ್ಲ ಮಾಡಿ ಅವರೇನು ಶ್ರೀಮಂತರಾಗಲಿಲ್ಲ. ಬಡತನ ಕಡೆಯವರೆಗೂ ಬಿಡಲಿಲ್ಲ. 1942ರಲ್ಲಿ ತೀರಿಕೊಂಡರು. ಈ ಮಾತನ್ನು ಮುಚ್ಚಿಟ್ಟು ಅವರನ್ನು ಬರೀ ಯಶಸ್ಸಿನ ಉದಾಹರಣೆ ಮಾಡುವುದು ನನಗೆ ಸರಿ ಕಾಣದು. ದುಡ್ಡಿನ ಲೆಕ್ಕದಲ್ಲಿ ಅವರು ಸೋತರು. ಆದರೆ ಮರಾಠಿ ಓದುತ್ತಿದ್ದ ಮನೆಗಳೊಳಗೆ ಕನ್ನಡ ಕಾದಂಬರಿ ಕಾಲಿಟ್ಟಿತು. ಅವರನ್ನು ಕನ್ನಡ ಕಾದಂಬರಿಯ ಪಿತಾಮಹ ಎಂದು ಕರೆಯುವುದು ಸುಮ್ಮನೆ ಅಲ್ಲ.

ನಾನಾದರೋ ಪಕ್ಕದ ಬ್ಲಾಕಿನ ಕನ್ನಡದ ಮನೆಯ ಬೆಲ್ ಒತ್ತುವುದಕ್ಕೂ ನಾಚಿದವಳು. ಪುಸ್ತಕ ಬೇಡವೆಂದರೆ ಎನ್ನುವುದಕ್ಕಿಂತ, ನನ್ನನ್ನೇ ಬೇಡವೆಂದಂತೆ ಆದರೆ ಎಂಬ ಭಯ. ಕಳೆದ ಭಾನುವಾರ ಚೀಲದಲ್ಲಿ ಹತ್ತು ಪ್ರತಿ ಹಾಕಿಕೊಂಡು ಹೊರಟೆ. ಮೂರು ಹೋದವು. ಒಬ್ಬ ಅಜ್ಜಿ ಕಾಫಿ ಕೊಟ್ಟು, ಎರಡು ಪುಟ ಓದಿಸಿ ಕೇಳಿದರು. ಮುಂದಿನ ವಾರ ಮತ್ತೆ ಬಾ ಅಂದಿದ್ದಾರೆ. ಹೋಗುತ್ತೇನೆ.