ಹಕ್ಕಿಗಳ ಜಾಡಿನಲ್ಲಿ ಸಲೀಂ ಅಲಿ

ಭಾನುವಾರದ ಮುಂಜಾವು. ಎಳೆಬಿಸಿಲು ಕೆರೆಯ ನೀರನ್ನು ಮುಟ್ಟುವ ಮೊದಲೇ ಏರಿಯ ಮೇಲೆ ಜನರ ಗುಂಪೊಂದು ಸದ್ದಿಲ್ಲದೆ ನಡೆಯುತ್ತಿರುತ್ತದೆ. ಅದರಲ್ಲಿ ಶಾಲೆಯ ಮಕ್ಕಳಿದ್ದಾರೆ, ಉಪಾಧ್ಯಾಯರಿದ್ದಾರೆ, ಕಚೇರಿಯ ಗುಮಾಸ್ತರಿದ್ದಾರೆ, ನಿವೃತ್ತರಾದ ಹಿರಿಯರೂ ಇದ್ದಾರೆ. ಕೊರಳಲ್ಲಿ ದುರ್ಬೀನು, ಕೈಯಲ್ಲಿ ಪುಟ್ಟದೊಂದು ಟಿಪ್ಪಣಿ ಪುಸ್ತಕ. ಒಬ್ಬರು ಮರದ ತುದಿಯತ್ತ ಬೆರಳು ತೋರಿದೊಡನೆ ಎಲ್ಲರ ಕಣ್ಣೂ ಅತ್ತ ಹೊರಳುತ್ತದೆ. ಕಂಡ ಹಕ್ಕಿ ಯಾವುದು, ಎಷ್ಟಿದ್ದುವು, ಏನು ಮಾಡುತ್ತಿದ್ದುವು ಎಂಬುದು ಪುಸ್ತಕದಲ್ಲಿ ದಾಖಲಾಗುತ್ತದೆ. ಅನಂತರ ಗುಂಪು ಮುಂದೆ ಸಾಗುತ್ತದೆ.

ಇಂದು ನಮ್ಮ ದೇಶದ ಅನೇಕ ಊರುಗಳಲ್ಲಿ ಕಾಣುವ ನೋಟವಿದು. ನೂರು ವರ್ಷಗಳ ಹಿಂದೆ ಇದು ಅಪರೂಪವಾಗಿತ್ತು. ಅಂದು ಹಕ್ಕಿಗಳನ್ನು ಅರಿಯುವುದೆಂದರೆ ಬಹುಮಟ್ಟಿಗೆ ಅವುಗಳನ್ನು ಬಂದೂಕಿನಿಂದ ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ, ವಸ್ತುಸಂಗ್ರಹಾಲಯದ ಪೆಟ್ಟಿಗೆಗಳಲ್ಲಿ ಜೋಡಿಸಿಡುವುದೇ ಆಗಿತ್ತು. ಆ ಕೆಲಸವನ್ನು ಮಾಡುತ್ತಿದ್ದವರಲ್ಲಿ ಹೆಚ್ಚಿನವರು ಆಂಗ್ಲ ಅಧಿಕಾರಿಗಳು. ಜೀವಂತ ಹಕ್ಕಿಯನ್ನು ತಾಳ್ಮೆಯಿಂದ ನೋಡುವುದನ್ನೂ ನೋಡಿದ್ದನ್ನು ಪ್ರಾಮಾಣಿಕವಾಗಿ ಬರೆದಿಡುವುದನ್ನೂ ಭಾರತೀಯರಿಗೆ ಕಲಿಸಿದವರಲ್ಲಿ ಅಗ್ರಗಣ್ಯರು ಸಲೀಂ ಅಲಿ.

ಸಲೀಂ ಮೊಯಿಜುದ್ದೀನ್ ಅಬ್ದುಲ್ ಅಲಿಯವರು 1896ನೆಯ ಇಸವಿ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ದೊಡ್ಡ ಕುಟುಂಬದ ಕೊನೆಯ ಮಗು ಅವರು. ಒಂದು ವರ್ಷ ತುಂಬುವ ವೇಳೆಗೆ ತಂದೆಯನ್ನೂ ಮೂರು ವರ್ಷ ತುಂಬುವ ವೇಳೆಗೆ ತಾಯಿಯನ್ನೂ ಕಳೆದುಕೊಂಡರು. ಅನಾಥರಾದ ಮಕ್ಕಳನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ ತಮ್ಮ ಮನೆಗೆ ಕರೆತಂದು ಸ್ವಂತ ಮಕ್ಕಳಂತೆ ಸಲಹಿದರು. ಮುಂಬಯಿಯ ಖೇತವಾಡಿಯಲ್ಲಿದ್ದ ಆ ಮನೆ ಸದಾ ಮಕ್ಕಳಿಂದ ತುಂಬಿರುತ್ತಿತ್ತು.

ಮಾವನಿಗೆ ಬೇಟೆಯ ಹವ್ಯಾಸ. ಬಾಲಕನ ಕೈಗೂ ಒಂದು ಗಾಳಿಬಂದೂಕು ಬಂದಿತು. ಅವನಿಗೆ ಸುಲಭವಾಗಿ ಸಿಗುತ್ತಿದ್ದ ಗುರಿಯೆಂದರೆ ಗುಬ್ಬಚ್ಚಿ. ಸುಮಾರು ಹತ್ತು ವರ್ಷದವನಾಗಿದ್ದಾಗ ಅವನು ಗುಬ್ಬಚ್ಚಿಯ ಗೂಡೊಂದನ್ನು ಗಮನಿಸಿದ. ಹೆಣ್ಣು ಒಳಗೆ ಮೊಟ್ಟೆಗೆ ಕಾವು ಕೊಡುತ್ತಿದ್ದರೆ ಗಂಡು ಹೊರಗೆ ಕಾವಲು ಕುಳಿತಿತ್ತು. ಬಾಲಕ ಗಂಡನ್ನು ಹೊಡೆದ. ಸ್ವಲ್ಪ ಹೊತ್ತಿಗೇ ಅದರ ಸ್ಥಳಕ್ಕೆ ಇನ್ನೊಂದು ಗಂಡು ಬಂದಿತು. ಅದನ್ನೂ ಹೊಡೆದ. ಹೀಗೆ ಏಳು ದಿನಗಳಲ್ಲಿ ಎಂಟು ಗಂಡುಹಕ್ಕಿಗಳು ಬಲಿಯಾದುವು. ಪ್ರತಿ ಸಲವೂ ಹೊಸ ಗಂಡೊಂದು ಬಂದು ಕಾವಲಿಗೆ ನಿಲ್ಲುತ್ತಿತ್ತು. ಇದು ಕ್ರೂರವಾದ ಆಟವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಬಾಲಕ ಬೇರೆ ಹುಡುಗರು ಮಾಡದ ಒಂದು ಕೆಲಸವನ್ನು ಮಾಡಿದ. ತಾನು ಕಂಡದ್ದನ್ನು ಕಂಡಂತೆಯೇ ಒಂದು ಹಾಳೆಯಲ್ಲಿ ಬರೆದಿಟ್ಟ. ಹಲವು ದಶಕಗಳ ಬಳಿಕ, ಆತ ಜಗತ್ಪ್ರಸಿದ್ಧ ಪಕ್ಷಿವಿಜ್ಞಾನಿಯಾಗಿದ್ದಾಗ, ಆ ಟಿಪ್ಪಣಿ ಹಕ್ಕಿವೀಕ್ಷಕರ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಹುಡುಗನ ಬರವಣಿಗೆಯೂ ನಿಜವನ್ನು ಹೇಳಿದರೆ ವಿಜ್ಞಾನಕ್ಕೆ ಬೇಕಾಗುತ್ತದೆ.

ಮತ್ತೊಂದು ದಿನ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿಯ ಮಚ್ಚೆಯೊಂದು ಕಂಡಿತು. ಇದು ಸಾಮಾನ್ಯ ಗುಬ್ಬಚ್ಚಿಯಲ್ಲವೆಂದು ಬಾಲಕನಿಗೆ ಅನುಮಾನವಾಯಿತು. ಮಾವನನ್ನು ಕೇಳಿದ, ಅವರಿಗೂ ತಿಳಿಯಲಿಲ್ಲ. ಅವರು ಪರಿಚಯದ ಪತ್ರವೊಂದನ್ನು ಕೊಟ್ಟು ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅದು 1883ರಲ್ಲಿ ಎಂಟು ಜನ ನಿಸರ್ಗಪ್ರಿಯರು ಕೂಡಿ ಸ್ಥಾಪಿಸಿದ ಸಂಘ. ತಮಗೆ ಕಂಡ ಪ್ರಾಣಿಪಕ್ಷಿಗಳ ವಿಷಯವನ್ನು ಒಬ್ಬರಿಗೊಬ್ಬರು ತಿಳಿಸುವುದೇ ಅವರ ಉದ್ದೇಶವಾಗಿತ್ತು. ಸಂಘದ ಗೌರವ ಕಾರ್ಯದರ್ಶಿಗಳಾಗಿದ್ದ ಡಬ್ಲ್ಯು. ಎಸ್. ಮಿಲ್ಲಾರ್ಡ್ ಎಂಬ ಆಂಗ್ಲರ ಮುಂದೆ ಬಾಲಕ ಅಳುಕುತ್ತ ನಿಂತು, ಕಾಗದದಲ್ಲಿ ಸುತ್ತಿದ್ದ ಹಕ್ಕಿಯನ್ನು ಮುಂದೆ ಚಾಚಿದ.

ಮಿಲ್ಲಾರ್ಡರು ಗದರಲಿಲ್ಲ. ಅದು ಹಳದಿ ಕತ್ತಿನ ಗುಬ್ಬಿಯೆಂದು ತಿಳಿಸಿ, ಸಂಘದಲ್ಲಿದ್ದ ಹಕ್ಕಿಗಳ ಸಂಗ್ರಹವನ್ನು ಒಂದೊಂದಾಗಿ ತೆರೆದು ತೋರಿಸಿದರು. ಓದಲು ಪುಸ್ತಕಗಳನ್ನು ಕೊಟ್ಟರು. ಹಕ್ಕಿಗಳ ಚರ್ಮವನ್ನು ಹದಗೊಳಿಸಿ ಕಾಪಾಡುವುದನ್ನೂ ವಿವರಗಳನ್ನು ಬರೆದಿಡುವುದನ್ನೂ ಕಲಿಯಲು ಅನುಕೂಲ ಮಾಡಿಕೊಟ್ಟರು. ಅಂದು ಆ ಹಿರಿಯರು ಹುಡುಗನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದ್ದರೆ ಭಾರತಕ್ಕೆ ಒಬ್ಬ ಸಲೀಂ ಅಲಿ ದೊರೆಯುತ್ತಿದ್ದರೋ ಇಲ್ಲವೋ!

ಆದರೆ ಮುಂದಿನ ದಾರಿ ಸುಗಮವಾಗಿರಲಿಲ್ಲ. ಕಾಲೇಜಿನ ಓದು ಅವರಿಗೆ ಹಿಡಿಸಲಿಲ್ಲ. ಅದನ್ನು ಅರ್ಧಕ್ಕೆ ಬಿಟ್ಟು, 1914ರಲ್ಲಿ ಕುಟುಂಬದ ಗಣಿ ಮತ್ತು ಮರದ ವ್ಯಾಪಾರವನ್ನು ನೋಡಿಕೊಳ್ಳಲು ಬರ್ಮಾ ದೇಶದ ತವಾಯ್‌ಗೆ ಹೋದರು. ಅಲ್ಲಿನ ದಟ್ಟವಾದ ಕಾಡುಗಳಲ್ಲಿ ವ್ಯಾಪಾರಕ್ಕಿಂತ ಹಕ್ಕಿಗಳೇ ಅವರ ಮನಸ್ಸನ್ನು ಸೆಳೆದುವು. 1918ರಲ್ಲಿ ತೆಹ್ಮಿನಾ ಅವರೊಡನೆ ವಿವಾಹವಾಯಿತು. ವ್ಯಾಪಾರ ಕೈಗೂಡದೆ ಮುಂಬಯಿಗೆ ಮರಳಿದ ಅವರಿಗೆ 1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ, ಬಂದವರಿಗೆ ನಿಸರ್ಗದ ವಿಷಯಗಳನ್ನು ವಿವರಿಸುವ ಉಪನ್ಯಾಸಕರ ಕೆಲಸ ದೊರೆಯಿತು. ಎರಡು ವರ್ಷಗಳ ಬಳಿಕ ರಜೆ ಪಡೆದು ಜರ್ಮನಿಗೆ ತೆರಳಿ, ಬರ್ಲಿನ್ನಿನಲ್ಲಿ ಪ್ರಖ್ಯಾತ ಪಕ್ಷಿವಿಜ್ಞಾನಿ ಎರ್ವಿನ್ ಸ್ಟ್ರೇಸೆಮನ್ನರ ಬಳಿ ಶಿಕ್ಷಣ ಪಡೆದರು. ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ವಲಸೆಯನ್ನು ಅರಿಯುವ ವಿಧಾನವನ್ನು ಕಲಿತದ್ದೂ ಜರ್ಮನಿಯಲ್ಲಿಯೇ.

1930ರಲ್ಲಿ ಉತ್ಸಾಹದಿಂದ ಸ್ವದೇಶಕ್ಕೆ ಮರಳಿದಾಗ ಅವರಿಗೊಂದು ಆಘಾತ ಕಾದಿತ್ತು. ಹಣದ ಅಭಾವದಿಂದ ಅವರ ಹುದ್ದೆಯನ್ನೇ ರದ್ದು ಮಾಡಲಾಗಿತ್ತು. ಕೈಯಲ್ಲಿ ವಿಶ್ವವಿದ್ಯಾನಿಲಯದ ಪದವಿಯಿಲ್ಲ, ಕೆಲಸವೂ ಇಲ್ಲ. ಮುಂಬಯಿಯಲ್ಲಿ ಮನೆ ನಡೆಸುವುದು ಕಷ್ಟವಾದಾಗ ದಂಪತಿಗಳು ಸಮುದ್ರತೀರದ ಕಿಹೀಂ ಎಂಬ ಹಳ್ಳಿಗೆ ಹೋಗಿ ನೆಲೆಸಿದರು.

ಆ ಮನೆಯ ಹತ್ತಿರದಲ್ಲಿಯೇ ಗೀಜಗಗಳು ಗೂಡು ಕಟ್ಟುತ್ತಿದ್ದುವು. ನಿರುದ್ಯೋಗಿಯಾದ ಸಲೀಂ ಅಲಿ ಮರೆಯಲ್ಲಿ ಕುಳಿತು ಆ ಹಕ್ಕಿಗಳ ಸಂಸಾರವನ್ನು ದಿನದಿನವೂ ನೋಡತೊಡಗಿದರು. ಗಂಡು ಗೀಜಗವು ಗೂಡನ್ನು ಅರ್ಧದಷ್ಟು ಹೆಣೆದು ನಿಲ್ಲಿಸುತ್ತದೆ. ಆಗ ಹೆಣ್ಣುಹಕ್ಕಿಗಳು ಬಂದು ಗೂಡುಗಳನ್ನು ಪರೀಕ್ಷಿಸುತ್ತವೆ. ಯಾವುದಾದರೂ ಒಂದು ಹೆಣ್ಣು ಗೂಡನ್ನು ಒಪ್ಪಿಕೊಂಡ ಮೇಲೆಯೇ ಗಂಡು ಅದನ್ನು ಪೂರ್ತಿಗೊಳಿಸುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಕಾವಿಗೆ ಕುಳಿತೊಡನೆ ಗಂಡು ಮತ್ತೊಂದು ಗೂಡಿಗೆ ತೊಡಗಿ, ಮತ್ತೊಂದು ಹೆಣ್ಣನ್ನು ಎದುರುನೋಡುತ್ತದೆ. ಎಲ್ಲರೂ ಕಂಡಿದ್ದ ಹಕ್ಕಿಯ, ಯಾರೂ ಗಮನಿಸಿ ನೋಡದಿದ್ದ ಈ ಬದುಕು 1931ರಲ್ಲಿ ಪ್ರಬಂಧವಾಗಿ ಪ್ರಕಟವಾದಾಗ ಪಕ್ಷಿವಿಜ್ಞಾನಿಗಳು ಬೆರಗಾದರು. ಕೆಲಸ ಕಳೆದುಕೊಂಡ ಆ ಮಳೆಗಾಲವೇ ಸಲೀಂ ಅಲಿಯವರಿಗೆ ಕೀರ್ತಿಯನ್ನು ತಂದಿತು.

ಅನಂತರ ಅವರು ಒಂದು ನಿರ್ಧಾರಕ್ಕೆ ಬಂದರು. ದೇಶೀಯ ಸಂಸ್ಥಾನಗಳು ಪ್ರವಾಸದ ವೆಚ್ಚವನ್ನಷ್ಟೇ ವಹಿಸಿಕೊಂಡರೆ ತಾವು ಸಂಭಾವನೆಯಿಲ್ಲದೆ ಅಲ್ಲಿನ ಹಕ್ಕಿಗಳ ಸಮೀಕ್ಷೆ ನಡೆಸಲು ಮುಂದಾದರು. ಹೈದರಾಬಾದು, ತಿರುವಾಂಕೂರು, ಕೊಚ್ಚಿ, ಗ್ವಾಲಿಯರ್, ಇಂದೂರು, ಭೋಪಾಲ ಮೊದಲಾದ ಸಂಸ್ಥಾನಗಳಲ್ಲಿ ಎತ್ತಿನ ಗಾಡಿ, ಕಾಲುದಾರಿ, ಗುಡಾರಗಳ ಬಾಳು ಅವರದಾಯಿತು. ತೆಹ್ಮಿನಾ ಅವರು ಕಾಡಿನ ಬಿಡಾರಗಳಲ್ಲಿ ಪತಿಯ ಕಷ್ಟವನ್ನು ಹಂಚಿಕೊಂಡರು. ಅವರ ಬರವಣಿಗೆಯನ್ನು ತಿದ್ದಿ ತೀಡಿದರು. 1939ರಲ್ಲಿ ಒಂದು ಚಿಕ್ಕ ಶಸ್ತ್ರಚಿಕಿತ್ಸೆಯ ತರುವಾಯ ಅವರು ತೀರಿಕೊಂಡರು. ಸಲೀಂ ಅಲಿ ಮತ್ತೆ ಮದುವೆಯಾಗಲಿಲ್ಲ. ತಂಗುವುದಕ್ಕೆ ಸೋದರಿಯ ಮನೆಯಿತ್ತು. ದುಃಖವನ್ನು ಮರೆಯುವುದಕ್ಕೆ ಕಾಡಿತ್ತು.

ಆ ದುಃಖ ಇನ್ನೂ ಹಸಿಯಾಗಿದ್ದಾಗಲೇ, 1939-40ರಲ್ಲಿ, ಅವರು ಮೈಸೂರು ಸಂಸ್ಥಾನದ ಸಮೀಕ್ಷೆಗೆ ಬಂದರು. ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಹಿಂದೆ ಕಟ್ಟಿದ್ದ ಒಡ್ಡಿನಿಂದ ಉಂಟಾದ ಕಿರುದ್ವೀಪಗಳ ಮರಗಳಲ್ಲಿ ಬೆಳ್ಳಕ್ಕಿ, ಕೊಕ್ಕರೆ, ನೀರುಕಾಗೆಗಳು ಗೂಡು ಕಟ್ಟಿ ಮರಿಮಾಡುವುದು ಅವರ ಗಮನಕ್ಕೆ ಬಂದಿತು. ಈ ಸ್ಥಳವನ್ನು ರಕ್ಷಿಸಬೇಕೆಂದು ಅವರು ಮೈಸೂರಿನ ಅರಸರಲ್ಲಿ ವಿನಂತಿಸಿಕೊಂಡರು. 1940ರಲ್ಲಿ ಅದು ಪಕ್ಷಿಧಾಮವೆಂದು ಘೋಷಿತವಾಯಿತು. ಅದೇ ಇಂದಿನ ರಂಗನತಿಟ್ಟು.

ತಾವೊಬ್ಬರೇ ಅರಿತರೆ ಸಾಲದು, ಜನಸಾಮಾನ್ಯರೂ ಅರಿಯಬೇಕೆಂಬುದು ಅವರ ಹಂಬಲವಾಗಿತ್ತು. 1941ರಲ್ಲಿ ಅವರ ಭಾರತೀಯ ಹಕ್ಕಿಗಳ ಪುಸ್ತಕ ಇಂಗ್ಲಿಷಿನಲ್ಲಿ ಹೊರಬಂದಿತು. ಬಣ್ಣದ ಚಿತ್ರ, ಹಕ್ಕಿಯ ಗಾತ್ರ, ನೆಲೆ, ಗೂಡು, ನಡವಳಿಕೆ, ಇಷ್ಟನ್ನು ತಿಳಿಯಾದ ಮಾತುಗಳಲ್ಲಿ ಹೇಳುವ ಪುಸ್ತಕ ಅದು. ಸೆರೆಮನೆಯಲ್ಲಿದ್ದ ಜವಾಹರಲಾಲ್ ನೆಹರೂ ಅವರು ಆ ಪುಸ್ತಕವನ್ನು ಮಗಳು ಇಂದಿರಾ ಅವರಿಗೆ ಕಳುಹಿಸಿಕೊಟ್ಟಿದ್ದರು. ಆ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಹೊರಟ ಸಾವಿರಾರು ಜನರು ತಮ್ಮ ತಮ್ಮ ಊರಿನ ಹಕ್ಕಿಗಳ ಹೆಸರನ್ನು ತಾವೇ ಕಂಡುಕೊಂಡರು. ಒಬ್ಬೊಬ್ಬರಾಗಿ ಹೊರಟವರು ಕ್ರಮೇಣ ಗುಂಪಾದರು. 1960ರ ಸುಮಾರಿಗೆ ಜಫರ್ ಫತೇಹಲ್ಲಿಯವರು ಹಕ್ಕಿವೀಕ್ಷಕರಿಗಾಗಿಯೇ ಪತ್ರಿಕೆಯೊಂದನ್ನು ಆರಂಭಿಸಿದಾಗ, ದೇಶದ ಮೂಲೆಮೂಲೆಗಳಲ್ಲಿ ಕಂಡ ಹಕ್ಕಿಗಳ ಸುದ್ದಿ ಅದರಲ್ಲಿ ಸೇರತೊಡಗಿತು. ಬೆಂಗಳೂರಿನಲ್ಲಿ 1970ರ ದಶಕದಲ್ಲಿ ಹಕ್ಕಿವೀಕ್ಷಕರ ಬಳಗವೊಂದು ಹುಟ್ಟಿ, ಲಾಲ್‌ಬಾಗಿನಲ್ಲಿ ಕೂಡಿ ನಡೆಯುವ ಪದ್ಧತಿ ಬೆಳೆಯಿತು.

ಸಾಮಾನ್ಯರ ಒಂದು ಸಾಲಿನ ಸುದ್ದಿಗೂ ಎಷ್ಟು ಬೆಲೆಯಿದೆ ಎಂಬುದಕ್ಕೆ ನಮ್ಮ ಮಲೆನಾಡಿನಿಂದಲೇ ಒಂದು ನಿದರ್ಶನ ದೊರೆಯುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದುವು. ಜನರಿಗೂ ಭಯಂಕರವಾದ ಜ್ವರ ಹರಡಿತು. ಅದೇ ಮಂಗನ ಕಾಯಿಲೆ. ಅದರ ವಿಷಾಣುವು ರಷ್ಯದಲ್ಲಿ ಕಂಡಿದ್ದ ವಿಷಾಣುವನ್ನು ಹೋಲುತ್ತಿದ್ದುದರಿಂದ, ಉತ್ತರದಿಂದ ವಲಸೆ ಬರುವ ಹಕ್ಕಿಗಳು ಉಣ್ಣೆಗಳ ಮೂಲಕ ಅದನ್ನು ತಂದಿರಬಹುದೇ ಎಂಬ ಶಂಕೆ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಡುವ ಬೃಹತ್ ಕಾರ್ಯ ಆರಂಭವಾಯಿತು. ಹಕ್ಕಿ ಸಿಕ್ಕವರು ಸಂಘಕ್ಕೆ ತಿಳಿಸಬೇಕೆಂದು ಉಂಗುರದಲ್ಲಿ ಕೆತ್ತಲಾಗಿತ್ತು. ದೂರದ ಸೈಬೀರಿಯದಲ್ಲಿ ಅಂಥ ಹಕ್ಕಿ ಸಿಕ್ಕ ಅಪರಿಚಿತನೊಬ್ಬನು ಉಂಗುರದ ಸಂಖ್ಯೆಯನ್ನು ಬರೆದು ತಿಳಿಸಿದರೆ ಹಕ್ಕಿಯ ಸಾವಿರಾರು ಮೈಲಿಗಳ ಪಯಣ ಬೆಳಕಿಗೆ ಬರುತ್ತಿತ್ತು. ವಲಸೆಹಕ್ಕಿಗಳೇ ರೋಗವನ್ನು ತಂದುವೆಂಬುದು ಸಿದ್ಧವಾಗಲಿಲ್ಲ. ಆದರೆ ಅವುಗಳ ದಾರಿಯನ್ನು ಕುರಿತು ಅಪಾರವಾದ ತಿಳಿವಳಿಕೆ ದೊರೆಯಿತು.

ಇಂಥ ಅಧ್ಯಯನ ನಡೆದ ಮುಖ್ಯ ಸ್ಥಳಗಳಲ್ಲಿ ರಾಜಸ್ಥಾನದ ಭರತಪುರವೂ ಒಂದು. ಸ್ವಾತಂತ್ರ್ಯಾನಂತರ ಅಲ್ಲಿನ ಜೌಗುನೆಲವನ್ನು ಬತ್ತಿಸಿ ಸಾಗುವಳಿ ಮಾಡಬೇಕೆಂಬ ಒತ್ತಾಯ ಬಂದಾಗ ಸಲೀಂ ಅಲಿ ನೆಹರೂ ಅವರಿಗೆ ಮನವರಿಕೆ ಮಾಡಿಕೊಟ್ಟು ಅದನ್ನು ಉಳಿಸಿದರು. ಮುಂದೆ ಅದು ರಾಷ್ಟ್ರೀಯ ಉದ್ಯಾನವಾಯಿತು. ದನ ಎಮ್ಮೆಗಳು ಅಲ್ಲಿ ಮೇಯಬಾರದೆಂಬುದು ಅವರ ಅಭಿಪ್ರಾಯವೂ ಆಗಿತ್ತು. 1982ರಲ್ಲಿ ಮೇವಿಗೆ ನಿಷೇಧ ಬಂದಿತು. ಸುತ್ತಲಿನ ಹಳ್ಳಿಗರು ಪ್ರತಿಭಟಿಸಿದರು. ಪೊಲೀಸರ ಗೋಲಿಬಾರಿನಲ್ಲಿ ಕೆಲವರು ಪ್ರಾಣ ಕಳೆದುಕೊಂಡರು. ಆದರೆ ಅವರದೇ ಸಂಘದವರು ಅಲ್ಲಿ ವರ್ಷಗಟ್ಟಲೆ ನಡೆಸಿದ ಅಧ್ಯಯನದಿಂದ ಬೇರೆಯೇ ಸಂಗತಿ ಹೊರಬಿದ್ದಿತು. ಎಮ್ಮೆಗಳು ಮೇಯದೆ ಹೋದುದರಿಂದ ಹುಲ್ಲು ಮಿತಿಮೀರಿ ಬೆಳೆದು ತೆರೆದ ನೀರನ್ನು ಮುಚ್ಚಿತ್ತು, ನೀರುಹಕ್ಕಿಗಳಿಗೆ ತೊಂದರೆಯಾಗಿತ್ತು. ಹಿರಿಯ ವಿಜ್ಞಾನಿಯ ಅಭಿಪ್ರಾಯವನ್ನೂ ಕ್ಷೇತ್ರದಲ್ಲಿ ಬರೆದಿಟ್ಟ ಟಿಪ್ಪಣಿ ತಿದ್ದಬಲ್ಲುದು. ಹಕ್ಕಿಗಳೊಡನೆ ಬಾಳುವ ಹಳ್ಳಿಗರ ಅನುಭವವನ್ನು ಕೇಳದೆ ಹಕ್ಕಿಗಳನ್ನು ಉಳಿಸಲಾಗದೆಂಬ ಪಾಠವನ್ನೂ ಭರತಪುರ ಕಲಿಸಿತು.

ಅಮೆರಿಕದ ಡಿಲನ್ ರಿಪ್ಲೆಯವರೊಡನೆ ಸಲೀಂ ಅಲಿ ರಚಿಸಿದ, ಭಾರತ ಮತ್ತು ಪಾಕಿಸ್ತಾನದ ಹಕ್ಕಿಗಳ ಕೈಪಿಡಿಯು 1968ರಿಂದ 1974ರವರೆಗೆ ಹತ್ತು ಸಂಪುಟಗಳಲ್ಲಿ ಪ್ರಕಟವಾಯಿತು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಅವರಿಗೆ ಸಂದುವು. 1985ರಲ್ಲಿ ಅವರು ರಾಜ್ಯಸಭೆಗೆ ನಾಮಕರಣಗೊಂಡರು. ಪಾಲ್ ಗೆಟ್ಟಿ ಅಂತರರಾಷ್ಟ್ರೀಯ ಪ್ರಶಸ್ತಿಯ ಹಣವನ್ನು ನಿಸರ್ಗ ಸಂರಕ್ಷಣೆಯ ನಿಧಿಗೆ ಕೊಟ್ಟುಬಿಟ್ಟರು. ಪದವಿಯಿಲ್ಲದ ಅವರನ್ನು ವಿಶ್ವವಿದ್ಯಾನಿಲಯಗಳು ಗೌರವ ಡಾಕ್ಟರೇಟುಗಳಿಂದ ಸನ್ಮಾನಿಸಿದುವು. ತಮ್ಮ ಆತ್ಮಕಥೆಯ ಹೆಸರಿನಲ್ಲಿ ಮಾತ್ರ ಅವರು ಬಾಲ್ಯದಲ್ಲಿ ಕೆಡವಿದ ಆ ಪುಟ್ಟ ಗುಬ್ಬಿಯನ್ನೇ ನೆನೆದರು. 1987ರ ಜೂನ್ 20ರಂದು, 90ನೆಯ ವಯಸ್ಸಿನಲ್ಲಿ, ಅವರು ನಿಧನರಾದರು.

ಸಲೀಂ ಅಲಿಯವರ ಜನ್ಮದಿನವಾದ ನವೆಂಬರ್ 12ರಂದು ಹಕ್ಕಿಪ್ರಿಯರು ಪಕ್ಷಿವೀಕ್ಷಣೆಯ ದಿನವನ್ನು ಆಚರಿಸುತ್ತಾರೆ. ಆದರೆ ಅವರಿಗೆ ಸಲ್ಲುವ ನಿಜವಾದ ಗೌರವವು ಕೆರೆಯ ಏರಿಯ ಮೇಲೆ ಮುಂಜಾನೆ ನಡೆಯುವ ಆ ಗುಂಪಿನಲ್ಲಿದೆ. ಒಂದು ಕೆರೆಗೆ ಈ ವರ್ಷ ಎಷ್ಟು ಹಕ್ಕಿಗಳು ಬಂದುವು, ಹೋದ ವರ್ಷ ಎಷ್ಟು ಬಂದಿದ್ದುವು, ಯಾವುದು ಬಾರದೆ ಹೋಯಿತು ಎಂಬುದನ್ನು ಹೇಳಬಲ್ಲವರು ಆ ಊರಿನವರೇ. ಅದನ್ನು ಬರೆದಿಡದಿದ್ದರೆ, ಒಂದು ಹಕ್ಕಿ ಕಣ್ಮರೆಯಾದರೂ ನಮಗೆ ತಿಳಿಯುವುದಿಲ್ಲ. ಅದಕ್ಕೆ ಬೇಕಾದುದು ದೊಡ್ಡ ಪದವಿಯಲ್ಲ; ನೋಡುವ ಕಣ್ಣು, ಕಾಯುವ ತಾಳ್ಮೆ, ಕಂಡದ್ದನ್ನಷ್ಟೇ ಬರೆಯುವ ಸತ್ಯನಿಷ್ಠೆ.