ಊರೂರಿನ ಕಲ್ಬರಹಗಳನ್ನು ಬೆಳಕಿಗಿತ್ತ ರೈಸ್ ಸಾಹೇಬರು

ಗುಡಿಯ ಮುಂದೆಯೋ, ಕೆರೆಯ ತೂಬಿನ ಬಳಿಯೋ, ಹೊಲದ ಬದುವಿನ ಮೇಲೆಯೋ ಅರ್ಧ ಹೂತುಹೋಗಿರುವ ಅಕ್ಷರದ ಕಲ್ಲುಗಳು ನಮ್ಮ ನಾಡಿನ ಎಷ್ಟೋ ಹಳ್ಳಿಗಳಲ್ಲಿ ಕಾಣಸಿಗುತ್ತವೆ. ಅವುಗಳಲ್ಲಿ ನಿಧಿಯ ಗುಟ್ಟು ಅಡಗಿದೆಯೆಂದು ಬಗೆದು ಬುಡವನ್ನು ಅಗೆದವರುಂಟು. ಬಟ್ಟೆ ಒಗೆಯಲು ಹಾಸಿಕೊಂಡವರೂ ಉಂಟು. ಅವು ಹಿರಿಯರು ಬಿಟ್ಟುಹೋದ ದಾನಪತ್ರಗಳೆಂದೂ, ಊರಿನ ತುರುಗಳನ್ನು ಕಾಯುವುದಕ್ಕಾಗಿ ಮಡಿದ ವೀರರ ನೆನಪುಗಳೆಂದೂ ಅರಿತವರು 150 ವರ್ಷಗಳ ಹಿಂದೆ ಬಹು ವಿರಳ. ಆ ಕಲ್ಬರಹಗಳನ್ನು ತಾಲ್ಲೂಕು ತಾಲ್ಲೂಕಾಗಿ ವಿಂಗಡಿಸಿ, ಅಚ್ಚು ಹಾಕಿಸಿ, ಓದಬಲ್ಲವರೆಲ್ಲರ ಮುಂದಿಟ್ಟ ಮಹನೀಯರು ಬೆಂಜಮಿನ್ ಲೂಯಿ ರೈಸ್ ಅವರು.

ರೈಸ್ ಅವರು 1837ರಲ್ಲಿ ಬೆಂಗಳೂರಿನಲ್ಲಿಯೇ ಜನಿಸಿದರು. ತಂದೆ ಲಂಡನ್ ಮಿಷನ್ನಿನ ಪಾದ್ರಿಗಳು; ಕನ್ನಡವನ್ನು ಚೆನ್ನಾಗಿ ಬಲ್ಲವರು. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸ್ ಅವರು ಇವರ ತಮ್ಮಂದಿರು. ಹೀಗಾಗಿ ಕನ್ನಡವು ಇವರಿಗೆ ಅಧಿಕಾರಕ್ಕಾಗಿ ಕಲಿತ ಭಾಷೆಯಲ್ಲ, ಬಾಲ್ಯದಲ್ಲಿ ಕಿವಿಗೆ ಬಿದ್ದ ಭಾಷೆ. ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿ 1860ರಲ್ಲಿ ಹಿಂದಿರುಗಿದ ಅವರು, ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಬೆಂಗಳೂರಿನ ಶಾಲೆಯ ಮುಖ್ಯೋಪಾಧ್ಯಾಯರಾದರು. 1865ರಲ್ಲಿ ಮೈಸೂರು ಮತ್ತು ಕೊಡಗು ಸೀಮೆಗಳ ಶಾಲಾ ತನಿಖಾಧಿಕಾರಿಗಳಾದರು. ಹೋಬಳಿಗೊಂದು ಶಾಲೆ ಇರಬೇಕೆಂಬ 1868ರ ಯೋಜನೆಯೂ ಇವರದೇ. ಇಷ್ಟನ್ನೇ ಮಾಡಿ ನಿವೃತ್ತರಾಗಿದ್ದರೂ ಈ ನಾಡು ಇವರನ್ನು ಮರೆಯಬಾರದಾಗಿತ್ತು.

ಆದರೆ ಅವರ ನಿಜವಾದ ಕಾಯಕವು ಬೇರೆಯೇ ಇದ್ದಿತು. 1865ರಲ್ಲಿ ಮೇಜರ್ ಡಿಕ್ಸನ್ ಎಂಬುವರು ಮೈಸೂರು ಸೀಮೆಯ ಸುಮಾರು 150 ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಚಿತ್ರಗಳೇನೋ ಸಿದ್ಧವಾದುವು, ಓದುವವರಾರು? ಹಳಗನ್ನಡದ ಲಿಪಿಯನ್ನು ಬಿಡಿಸಿ ಅರ್ಥ ಹೇಳುವ ಹೊರೆ ರೈಸ್ ಅವರ ಪಾಲಿಗೆ ಬಂದಿತು. ಪಂಡಿತರ ನೆರವಿನೊಡನೆ ಅವರು ಆ ಶಾಸನಗಳನ್ನು ಅನುವಾದಿಸಿ 1879ರಲ್ಲಿ ಪುಸ್ತಕರೂಪದಲ್ಲಿ ಹೊರತಂದರು. ಅಷ್ಟರೊಳಗೆ ಮೈಸೂರು ಮತ್ತು ಕೊಡಗಿನ ಗೆಜೆಟಿಯರ್ ಕೂಡ ಅವರ ಕೈಯಿಂದ ಹೊರಬಂದಿದ್ದಿತು.

1885ರಲ್ಲಿ ಮೈಸೂರು ಸಂಸ್ಥಾನವು ಪುರಾತತ್ತ್ವ ಇಲಾಖೆಯನ್ನು ಸ್ಥಾಪಿಸಿತು. ಅದರ ಮೊದಲ ನಿರ್ದೇಶಕರು ರೈಸ್ ಅವರೇ. ಮರುವರ್ಷ ಕೊಡಗಿನ ಶಾಸನಗಳ ಸಂಪುಟವು ಅಚ್ಚಾಯಿತು. ಎಪಿಗ್ರಾಫಿಯ ಕರ್ನಾಟಿಕ ಎಂಬ ಹೆಸರಿನ ಮಾಲೆಯಲ್ಲಿ ಅದೇ ಮೊದಲನೆಯದು. 1889ರಲ್ಲಿ ಶ್ರವಣಬೆಳಗೊಳ, ಅನಂತರ ಮೈಸೂರು, ಹಾಸನ, ಕಡೂರು, ಶಿವಮೊಗ್ಗ, ಚಿತ್ರದುರ್ಗ, ತುಮಕೂರು, ಬೆಂಗಳೂರು, ಕೋಲಾರ ಎಂದು ಜಿಲ್ಲೆಗಳು ಒಂದಾದಮೇಲೊಂದು ಬಂದುವು. ಒಟ್ಟು 12 ಸಂಪುಟಗಳು, ಸುಮಾರು 9,000 ಶಾಸನಗಳು.

ಈ ಕಾರ್ಯ ಹೇಗೆ ನಡೆಯುತ್ತಿದ್ದಿತೆಂಬುದನ್ನು ವಾಚಕರು ಕೊಂಚ ಊಹಿಸಿಕೊಳ್ಳಬೇಕು. ಕಲ್ಲಿನ ಸುತ್ತ ಬೆಳೆದ ಮುಳ್ಳನ್ನು ಸವರಿ, ಪಾಚಿಯನ್ನು ಉಜ್ಜಿ ತೊಳೆದು, ಒದ್ದೆಯ ಕಾಗದವನ್ನು ಹೊದಿಸಿ, ಅಕ್ಷರದ ಗುಂಡಿಗಳಿಗೆ ಕಾಗದವು ಇಳಿಯುವಂತೆ ಮೆಲ್ಲನೆ ಬಡಿದು, ಮೇಲೆ ಮಸಿ ಲೇಪಿಸಬೇಕು. ಆಗ ಕಪ್ಪಿನ ನಡುವೆ ಬಿಳಿಯ ಅಕ್ಷರಗಳು ಮೂಡುತ್ತವೆ. ಬಳಿಕ ಓದುವ ಪಾಡು: ಸವೆದುಹೋದ ಸಾಲು, ಒಡೆದ ಮೂಲೆ, ಕನ್ನಡ, ಸಂಸ್ಕೃತ, ತಮಿಳು, ತೆಲುಗು. ಓದಿದ್ದನ್ನು ರೈಸ್ ಅವರು ಮೂರು ಬಗೆಯಾಗಿ ಮುದ್ರಿಸಿದರು. ಮೂಲವು ಕನ್ನಡ ಲಿಪಿಯಲ್ಲಿ, ಅದೇ ಪಾಠವು ರೋಮನ್ ಲಿಪಿಯಲ್ಲಿ, ಕೊನೆಗೆ ಇಂಗ್ಲಿಷ್ ಅನುವಾದ. ಕೇವಲ ವಿದ್ವಾಂಸರಿಗಾಗಿ ಮಾಡಿದ್ದರೆ ರೋಮನ್ ಪಾಠವೊಂದೇ ಸಾಕಾಗಿದ್ದಿತು. ಕನ್ನಡದ ಪಾಠವನ್ನೂ ಕೊಟ್ಟುದರಿಂದ ಶಾಲೆಯ ಉಪಾಧ್ಯಾಯನೂ ಶಾನುಭೋಗನೂ ತಮ್ಮ ಊರಿನ ಕಲ್ಲು ಏನು ಹೇಳುತ್ತದೆಂಬುದನ್ನು ನೋಡಿಕೊಳ್ಳುವಂತಾಯಿತು. ಅರಸರ ಅನುಕ್ರಮದಲ್ಲಿ ಜೋಡಿಸದೆ ತಾಲ್ಲೂಕಿನ ಕ್ರಮದಲ್ಲಿ ಸಂಖ್ಯೆ ಹಾಕಿದುದೂ ಇದೇ ಕಾರಣದಿಂದ ಬಹು ಉಪಯುಕ್ತವಾಯಿತು. ಅವರು ಈ ಒಂದು ಕ್ರಮವನ್ನು ಹಿಡಿದುದೇ ದೊಡ್ಡ ಉಪಕಾರವೆಂದು ನನ್ನ ಅಭಿಪ್ರಾಯ.

ಶರಣರ ಕಾಲವನ್ನು ಅರಿಯಬಯಸುವವರಿಗೆ 1902ರ ಶಿವಮೊಗ್ಗ ಸಂಪುಟವು ಅಮೂಲ್ಯವಾದುದು. ಅಲ್ಲಮಪ್ರಭುಗಳ ಬಳ್ಳಿಗಾವೆಯೂ, ಅಕ್ಕಮಹಾದೇವಿಯ ಉಡುತಡಿಯೂ ಇರುವ ಶಿಕಾರಿಪುರ ತಾಲ್ಲೂಕಿನ ಶಾಸನಗಳು ಅದರಲ್ಲಿವೆ. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವು ಬಿಜ್ಜಳನ ಆಳಿಕೆಯದು. ಆ ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದಿತೆಂದೂ, ದೀನರಿಗೂ ಅನಾಥರಿಗೂ ಅನ್ನ ದೊರೆಯುತ್ತಿದ್ದಿತೆಂದೂ, ರೋಗಿಗಳಿಗೆ ಮದ್ದು ಸಿಗುತ್ತಿದ್ದಿತೆಂದೂ ಅದು ವಿವರಿಸುತ್ತದೆ. ಕಾಳಾಮುಖರ ಆ ಮಠವನ್ನು ನಮ್ಮ ಇಂದಿನ ಮಠಗಳೊಡನೆ ಒಂದೇ ಎನ್ನುವಂತಿಲ್ಲ. ಆದರೂ ಬಸವಣ್ಣನವರ ಕಾಲದ ನಾಡಿನಲ್ಲಿ ವಿದ್ಯೆಯೂ ಅನ್ನವೂ ಒಂದೇ ಸೂರಿನಡಿ ದೊರೆಯುತ್ತಿದ್ದುವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಪಾದ್ರಿಯ ಮಗನಾದ ರೈಸ್ ಅವರು ಶಿವಾಲಯದ ದಾನವನ್ನೂ ಬಸದಿಯ ದಾನವನ್ನೂ ಮಸೀದಿಯ ಬರಹವನ್ನೂ ಒಂದೇ ಶ್ರದ್ಧೆಯಿಂದ ಬರೆದುಕೊಂಡರು. ಮುಂದೆ 1923ರಲ್ಲಿ ವಿಜಾಪುರದ ಫ. ಗು. ಹಳಕಟ್ಟಿಯವರು ತಾಳೆಗರಿಗಳಲ್ಲಿದ್ದ ವಚನಗಳನ್ನು ವಚನಶಾಸ್ತ್ರಸಾರವೆಂದು ಅಚ್ಚು ಹಾಕಿಸಿ ಮನೆಮನೆಗೆ ಮುಟ್ಟಿಸತೊಡಗಿದರಷ್ಟೆ. ಕಲ್ಲಿನ ವಿಷಯದಲ್ಲಿ ರೈಸ್ ಅವರದೂ ಅಂತಹುದೇ ದಾಸೋಹ.

ಅವರ ಕೃತಿಯಲ್ಲಿ ದೋಷಗಳಿಲ್ಲವೆಂದು ಹೇಳಲಾಗದು. ಗಂಗ ಅರಸರವೆಂದು ದೊರೆತ ಕೆಲವು ತಾಮ್ರಪಟಗಳನ್ನು ಅವರು ನಿಜವೆಂದು ನಂಬಿದರು. ಫ್ಲೀಟ್ ಎಂಬ ವಿದ್ವಾಂಸರು ಅವು ಕೂಟವೆಂದು ಬಲವಾಗಿ ವಾದಿಸಿದರು, ವಿವಾದವು ಬಹುಕಾಲ ನಡೆಯಿತು. ಅವಸರದಲ್ಲಿ ತಪ್ಪಾದ ಪಾಠಗಳೂ ಉಂಟು. ಆದರೆ ಮೂಲವನ್ನೇ ಅಚ್ಚು ಮಾಡಿ ಮುಂದಿಟ್ಟಿದ್ದರಿಂದ ತಿದ್ದುವವರಿಗೆ ದಾರಿ ತೆರೆದೇ ಇದ್ದಿತು. 1906ರಲ್ಲಿ ಅವರ ಸ್ಥಾನಕ್ಕೆ ಬಂದ ಆರ್. ನರಸಿಂಹಾಚಾರ್ಯರು ಶ್ರವಣಬೆಳಗೊಳದ ಸಂಪುಟವನ್ನು 1923ರಲ್ಲಿ ಪರಿಷ್ಕರಿಸಿದಾಗ 144 ಇದ್ದ ಶಾಸನಗಳು 500 ಆದುವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಇಡೀ ಮಾಲೆಯ ಪರಿಷ್ಕರಣವನ್ನು ಕೈಗೊಂಡಿತು. ರೈಸ್ ಅವರಾದರೋ ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿ, 1909ರಲ್ಲಿ ಶಾಸನಗಳ ಆಧಾರದಿಂದ ಮೈಸೂರು ಕೊಡಗುಗಳ ಚರಿತ್ರೆಯನ್ನು ಬರೆದು, 1927ರಲ್ಲಿ ತೀರಿಕೊಂಡರು.

ಬೆಂಗಳೂರಿನ ಪಶ್ಚಿಮ ಭಾಗದ ನಮ್ಮ ಭಕ್ತರಿಗೆ ಒಂದು ಮಾತು. 1905ರಲ್ಲಿ ಪ್ರಕಟವಾದ 9ನೆಯ ಸಂಪುಟವು ಬೆಂಗಳೂರು ಜಿಲ್ಲೆಯದು. ಬೆಂಗಳೂರು, ಮಾಗಡಿ, ನೆಲಮಂಗಲ ಮೊದಲಾದ ತಾಲ್ಲೂಕುಗಳು ಅದರಲ್ಲಿವೆ. ಆಗ ರಾಜಾಜಿನಗರವಾಗಲಿ ವಿಜಯನಗರವಾಗಲಿ ಬಸವೇಶ್ವರನಗರವಾಗಲಿ ಇರಲಿಲ್ಲ. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಅತ್ತಿಗುಪ್ಪೆ, ಮಾರೇನಹಳ್ಳಿಗಳಿದ್ದುವು, ಹೊಲಗದ್ದೆಗಳಿದ್ದುವು, ವೃಷಭಾವತಿಯ ದಂಡೆಯಲ್ಲಿ ಕೆಂಗೇರಿಯಿದ್ದಿತು. ನಗರವು ಹಬ್ಬಿದಂತೆ ಬೆಂಗಳೂರಿನ ಎಷ್ಟೋ ಕಲ್ಲುಗಳು ತಳಪಾಯಗಳ ಅಡಿಗೋ ರಸ್ತೆಯ ಕೆಳಕ್ಕೋ ಸೇರಿಹೋದುವು. ನಾಗತ್ತರನ ಬೇಗೂರಿನ ವೀರಗಲ್ಲು ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿ ಉಳಿಯಿತು. ಎಲ್ಲ ಕಲ್ಲುಗಳಿಗೂ ಆ ಭಾಗ್ಯ ಬರಲಿಲ್ಲ. 2021ರಲ್ಲಿ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಯಂತ್ರದಿಂದ ಮೂರು ಆಯಾಮಗಳಲ್ಲಿ ದಾಖಲಿಸುವ ಕಾರ್ಯವನ್ನು ಆರಂಭಿಸಿದಾಗ, ಯಾವ ಊರಿನಲ್ಲಿ ಯಾವ ಕಲ್ಲಿದ್ದಿತೆಂದು ತಿಳಿಯಲು ಕೈಗೆತ್ತಿಕೊಂಡುದು ರೈಸ್ ಅವರ ಈ ಸಂಪುಟವನ್ನೇ. ಹುಡುಕಿದರೂ ಸಿಗದ ಕಲ್ಲುಗಳ ಪಾಠವು ಈಗ ಅದರ ಪುಟಗಳಲ್ಲಿ ಮಾತ್ರ ಇದೆ.